ಎರಡನೇ ಸುತ್ತು

ಬೆಳಿಗ್ಗೆ ಅಂಗಡಿಯ ಕದ ತೆಗೆಯುವ ಹೊತ್ತಿಗಾಗಲೇ ಅವನು ಮನಸ್ಸಿನಲ್ಲಿ ತನ್ನ ಟ್ರಸ್ಟಿ ಹುದ್ದೆಗೆ ಮೂರು ಬಗೆಯ ರಾಜೀನಾಮೆ ಕೊಟ್ಟು ಮುಗಿಸಿದ್ದ. ಒಂದು ಗಂಭೀರವಾಗಿ, ಒಂದು ನಗುನಗುತ್ತಾ, ಮತ್ತೊಂದು ಮೇಜು ಗುದ್ದಿ. ಮೂರರಲ್ಲೂ ಕೊನೆಗೆ ಜಡ್ಜರು ಎದ್ದು ಬಂದು ಅವನ ಕೈ ಹಿಡಿದು, ಎಂಥಾ ಪ್ರಾಮಾಣಿಕ ಮನುಷ್ಯನಪ್ಪ ಎಂದು ಕಣ್ತುಂಬಿಕೊಂಡಿದ್ದರು. ತಪ್ಪೊಪ್ಪಿಕೊಳ್ಳಲು ಹೊರಟವನಿಗೆ ಹೊಗಳಿಕೆ ಯಾಕೆ ಬೇಕು ಎಂದು ತನ್ನನ್ನೇ ಗದರಿಕೊಂಡು, ಎದುರಿಗೆ ಎತ್ತರದ ಕುರ್ಚಿಯಲ್ಲಿ ಕೂತಿದ್ದ ಹೆಂಗಸಿನ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟನ್ನು ಕೂರಿಸಿ, ಗಾಜು ಬದಲಿಸುತ್ತಾ ಕೇಳಿದ, "ಇದು ಸ್ಪಷ್ಟವಾಗಿದೆಯಾ, ಇಲ್ಲ ಇದಾ?" ಆಕೆ ಗೋಡೆಯ ಅಕ್ಷರಗಳನ್ನು ನೋಡಿ, "ಎರಡೂ ಒಂದೇ ಥರ ಇದೆಯಲ್ಲ" ಎಂದಳು. "ಸರಿಯಾಗಿ ನೋಡಿ ಹೇಳೀಮ್ಮ." "ಯಾವುದಾದರೂ ಒಂದು ಹಾಕಿಬಿಡಿ. ಸೊಸೆ ಮುಖ ಸ್ವಲ್ಪ ಮಬ್ಬಾಗಿ ಕಂಡ್ರೇನೇ ನನಗೆ ಒಳ್ಳೇದು." ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. ಇವತ್ತು ಆ ಮಾತು ತನಗೇ ಹೇಳಿದಂತೆ ಕೇಳಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿಗೆ ಬಂದಿದ್ದ ಮನುಷ್ಯ.

ನದಿ ಉಕ್ಕಿದಾಗ, ಭೂಮಿ ನಡುಗಿದಾಗ, ಕೇರಿಗೆ ಬೆಂಕಿ ಬಿದ್ದಾಗ ಜನರಿಗೆ ಗುಡಾರ, ಹೊದಿಕೆ, ಊಟ ಕೊಡುವ ಸಂಸ್ಥೆ ಅದು. ಶಿಬಿರಗಳಲ್ಲಿ ಮುದುಕರ ಕಣ್ಣು ನೋಡಿ ಪುಕ್ಕಟೆ ಕನ್ನಡಕ ಹಂಚಿದ ಪುಣ್ಯಕ್ಕೆ ಅವನನ್ನು ಟ್ರಸ್ಟಿ ಮಾಡಿಕೊಂಡಿದ್ದರು. ಅಷ್ಟಕ್ಕೇ ನಿಂತಿದ್ದರೆ ಯಾರ ತಂಟೆಯೂ ಇರಲಿಲ್ಲ. ಆದರೆ ಆ ಉದ್ದನೆಯ ಮೇಜಿನ ಸುತ್ತ ಕೂತವರಿಗೆಲ್ಲ ಒಂದೊಂದು ಹಿನ್ನೆಲೆಯಿತ್ತು. ಅಧ್ಯಕ್ಷರಾದ ಜಡ್ಜರು ಬೀದಿದೀಪದ ಕೆಳಗೆ ಓದಿ ಮೇಲೆ ಬಂದವರು. ಅವರು ಬರಿಗಾಲಲ್ಲಿ ಶಾಲೆಗೆ ನಡೆದ ದಾರಿ ಸಭೆಯಿಂದ ಸಭೆಗೆ ಉದ್ದವಾಗುತ್ತಾ ಬಂದು ಈಗ ನಡುವೆ ಒಂದು ಗುಡ್ಡವೂ ಎದ್ದಿತ್ತು. ಕರ್ನಲ್ಲರ ತೊಡೆಯಲ್ಲಿ ಯುದ್ಧದ ಲೋಹದ ಚೂರೊಂದು ಇನ್ನೂ ಇದೆ, ಚಳಿಗಾಲದಲ್ಲಿ ಅದು ಅವರಿಗಿಂತ ಮುಂಚೆ ಏಳುತ್ತದಂತೆ. ಬ್ಯಾಂಕಿನ ಮೇಡಂ ಚಿಕ್ಕಂದಿನಲ್ಲಿ ಕಂಡವರ ಅಂಗಿಗೆ ಗುಂಡಿ ಹೊಲಿದು ಶಾಲೆಯ ಫೀಸು ಕಟ್ಟಿದವರು. ಈಗಲೂ ಎದುರಿನವರ ಗುಂಡಿ ಸಡಿಲವಾಗಿದ್ದರೆ ಅವರಿಗೆ ಮಾತು ತಲೆಗೆ ಹೋಗುವುದಿಲ್ಲ. ಇವನ ಹಿನ್ನೆಲೆಯೆಂದರೆ ಅಪ್ಪನ ಕನ್ನಡಕದ ಅಂಗಡಿ. ಇವನಿಗೆ ಗೊತ್ತಿದ್ದ ಹಸಿವು ಊಟ ಅರ್ಧ ಗಂಟೆ ತಡವಾದಾಗಿನದು. "ನಾನು ಜೀವನದಲ್ಲಿ ಏನಾದರೂ ಕಷ್ಟಪಟ್ಟಿದ್ದೀನೇನೇ?" ಎಂದು ಹೆಂಡತಿಯನ್ನೇ ಕೇಳಿದ್ದ. "ನಿಮ್ಮನ್ನ ಕಟ್ಕೊಂಡು ನಾನು ಪಟ್ಟಿದ್ದೀನಿ, ಬೇಕಾದರೆ ಅದನ್ನ ಬರೆಸ್ಕೊಳ್ಳಿ" ಎಂದು ಆಕೆ ಒಗೆದ ಬಟ್ಟೆಯ ಬುಟ್ಟಿಯನ್ನು ಅವನ ಕೈಗೇ ಕೊಟ್ಟು ಹೋಗಿದ್ದಳು.

ಹಾಗಿದ್ದವನು ಒಂದು ಸಂಜೆ ಜಡ್ಜರ ಮನೆಯ ಊಟದಲ್ಲಿ, ಎಲ್ಲರೂ ತಂತಮ್ಮ ಬಡತನವನ್ನು ಒಂದೊಂದಾಗಿ ಬಡಿಸುತ್ತಿದ್ದಾಗ, ತನ್ನ ತಟ್ಟೆ ಮಾತ್ರ ಖಾಲಿ ಎನ್ನುವ ಅವಮಾನಕ್ಕೆ ಬಾಯಿ ಬಿಟ್ಟುಬಿಟ್ಟ. "ನಾನೂ ಒಂದ್ಸಲ ಸಂತ್ರಸ್ತರ ಶಿಬಿರದಲ್ಲಿ ಉಂಡಿದ್ದೀನಿ, ನಾಲ್ಕು ವರ್ಷದವನಿದ್ದಾಗ." ತಮಾಷೆಗೇ ಹೇಳಿದ್ದು. ಮದುವೆಯೊಂದಕ್ಕೆ ಹೊರಟಿದ್ದರು, ಹೊಳೆ ಉಕ್ಕಿ ಬಸ್ಸು ದಾರಿಯಲ್ಲೇ ನಿಂತಿತು, ಹತ್ತಿರದ ಶಿಬಿರದಲ್ಲಿ ಒಂದು ರಾತ್ರಿ ಊಟ ಹಾಕಿದರು. ಇವನಿಗೆ ಅದೇ ಮದುವೆಯೂಟ ಅನ್ನಿಸಿ, ಮದುಮಗಳು ಎಲ್ಲಿ ಎಂದು ಕೇಳಿದ್ದನಂತೆ. ಮನೆಯಲ್ಲಿ ಎಷ್ಟೋ ಸಲ ಹೇಳಿ ನಕ್ಕ ಕಥೆ. ಆದರೆ ಅವನು ಮದುವೆಯ ಭಾಗಕ್ಕೆ ಬರುವಷ್ಟರಲ್ಲಿ ಕರ್ನಲ್ಲರು ಅವನ ಭುಜದ ಮೇಲೆ ಕೈಯಿಟ್ಟಿದ್ದರು, ಬ್ಯಾಂಕಿನ ಮೇಡಂ "ಛೆ ಛೆ" ಎಂದಿದ್ದರು, ಜಡ್ಜರು ಮೌನವಾಗಿ ನೀರು ಕುಡಿಯುತ್ತಿದ್ದರು. ಆ ಮೌನದಲ್ಲಿ ಬಸ್ಸು ಮದುವೆ ಅಂತೆಲ್ಲ ತರುವುದು ಸಾವಿನ ಮನೆಯಲ್ಲಿ ಚೇಷ್ಟೆ ಮಾಡಿದಂತಾಗುತ್ತದೆ ಎಂದು ಅವನು ತಲೆ ತಗ್ಗಿಸಿ ಉಂಡ. ತಲೆ ತಗ್ಗಿಸಿದ್ದೇ ಸಾಕ್ಷಿಯಾಯಿತು. ಅದಾದ ಮೇಲೆ ದೊಡ್ಡ ದಾನಿಗಳು, ಆಡಳಿತ ಮಂಡಳಿಯಲ್ಲಿ ಸ್ವತಃ ಸಂತ್ರಸ್ತರಾಗಿದ್ದವರು ಒಬ್ಬರಾದರೂ ಇರಲೇಬೇಕು ಎಂದು ಪಟ್ಟು ಹಿಡಿದಾಗ, ಎಲ್ಲರ ಕಣ್ಣೂ ಒಟ್ಟಿಗೆ ಇವನ ಕಡೆ ತಿರುಗಿತು.

ಟ್ರಸ್ಟಿಗಳ ಪರಿಚಯದ ಪುಸ್ತಿಕೆಯಲ್ಲಿ ಅವನ ಫೋಟೋದ ಕೆಳಗೆ "ಎಳವೆಯಲ್ಲೇ ಪ್ರವಾಹದಲ್ಲಿ ಸರ್ವಸ್ವವನ್ನೂ ಕಳೆದುಕೊಂಡು ಶಿಬಿರದ ಅನ್ನದಲ್ಲಿ ಬೆಳೆದವರು" ಎಂದು ಅಚ್ಚಾಗಿತ್ತು. ಬರೆದವಳು ಕಾರ್ಯದರ್ಶಿ. ಅಚ್ಚಿಗೆ ಹೋಗುವ ಮುಂಚೆ ಅವಳು ತೋರಿಸಿದ್ದಳು, ಅವನು ಓದಿದ್ದ, ಓದಿ ಒಂದು ಅಲ್ಪವಿರಾಮವನ್ನು ಸರಿಪಡಿಸಿ ಕೊಟ್ಟಿದ್ದ. ಆ ಅಲ್ಪವಿರಾಮ ಈಗ ಅವನನ್ನು ಹಗಲಿರುಳೂ ಚುಚ್ಚುತ್ತಿತ್ತು. ಇದರ ಮೇಲೆ ಉಪಚಾರ ಬೇರೆ. ಕೈಯಿರುವ ಕುರ್ಚಿ ಒಂದೇ ಇತ್ತು, ಅದನ್ನು ಕರ್ನಲ್ಲರು ಅವನಿಗೆ ಬಿಟ್ಟುಕೊಟ್ಟರು. ಸಭೆ ಮುಗಿದಾಗ ಉಳಿದ ಬಿಸ್ಕತ್ತನ್ನು ಬ್ಯಾಂಕಿನ ಮೇಡಂ ಕಾಗದದಲ್ಲಿ ಸುತ್ತಿ, "ಸಂಕೋಚ ಬೇಡ, ತಗೊಳ್ಳಿ" ಎಂದು ಅವನ ಜೇಬಿಗೆ ಇಳಿಸುತ್ತಿದ್ದರು. ಎರಡು ಅಂಗಡಿಗಳ ಮಾಲೀಕ ಅವನು, ಆ ಬಿಸ್ಕತ್ತನ್ನು ಬಸ್ ನಿಲ್ದಾಣದ ನಾಯಿಗೆ ಹಾಕುತ್ತಿದ್ದ. ನಾಯಿ ಈಗ ಸಭೆಯ ದಿನ ಅವನಿಗಾಗಿ ಕಾಯುವುದನ್ನು ಕಲಿತಿತ್ತು. ಇಷ್ಟಾದರೂ ನಿಜ ಹೇಳಬೇಕೆಂದರೆ ಅವನಿಗೆ ಅದು ಸೇರಿತ್ತು. ಅವನು ಬಾಯಿ ತೆರೆದರೆ ಜಡ್ಜರಂಥ ಜಡ್ಜರು ಮಾತು ನಿಲ್ಲಿಸುತ್ತಿದ್ದರು. ನಲವತ್ತು ವರ್ಷ ಗಾಜು ಮಾರಿದರೂ ಸಿಗದ ಮರ್ಯಾದೆ ಒಂದು ರಾತ್ರಿಯ ಪುಕ್ಕಟೆ ಊಟಕ್ಕೆ ಸಿಕ್ಕಿತ್ತು.

ಇವತ್ತು ಸಭೆಗೆ ಕ್ಯಾಮೆರಾ ಬರುತ್ತದೆ, ದಾನಿಗಳಿಗೆ ಕಳಿಸುವ ಚಿತ್ರದಲ್ಲಿ ತಾವು ನಾಲ್ಕು ಮಾತಾಡಬೇಕು ಎಂದು ಕಾರ್ಯದರ್ಶಿ ಮೊದಲೇ ಹೇಳಿದ್ದಳು. ಬಾಯಿಮಾತಿನ ಸುಳ್ಳು ಗಾಳಿಗೆ ಹೋಗುತ್ತದೆ, ಚಿತ್ರದ ಸುಳ್ಳು ಉಳಿಯುತ್ತದೆ. ಆದ್ದರಿಂದ ಇವತ್ತೇ, ಕ್ಯಾಮೆರಾಕ್ಕೆ ಮುಂಚೆ, ನಾನು ಸಂತ್ರಸ್ತನಲ್ಲ, ದಾರಿತಪ್ಪಿದ ನೆಂಟ ಎಂದು ಹೇಳಿ ಎದ್ದುಬಿಡುವುದೆಂದು ಗಟ್ಟಿಮಾಡಿಕೊಂಡಿದ್ದ. ಸೊಸೆಯ ಮುಖ ಮಬ್ಬಾಗಿರಲಿ ಎಂದ ಹೆಂಗಸನ್ನು ಸಾಗಹಾಕುವಷ್ಟರಲ್ಲಿ ಅಕ್ಕನ ಫೋನು ಬಂತು. ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು, ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರಾಗಿ ನಿವೃತ್ತಳಾದವಳು. ಫೋನಿನಲ್ಲಿ ಮಾತಾಡುವಾಗಲೂ ಮೈದಾನದ ಆ ತುದಿಯವರಿಗೆ ಹೇಳಿದಂತೆ ಹೇಳುತ್ತಿದ್ದಳು. "ನಿಮ್ಮ ಆಫೀಸಿನ ಯಾವಳೋ ಫೋನ್ ಮಾಡಿದ್ದಳು. ನಾವು ಗತಿಗೆಟ್ಟವರಾಗಿದ್ವಂತೆ, ನಿನ್ನ ಫೋಟೋ ಕೆಳಗೆ ಅಚ್ಚಾಗಿದೆಯಂತೆ. ನಿನ್ನ ಬಾಲ್ಯದ ಕಷ್ಟದ ಬಗ್ಗೆ ನಾನು ಕ್ಯಾಮೆರಾ ಮುಂದೆ ಮಾತಾಡಬೇಕಂತೆ. ಏನೋ ಇದು?" ಅವನು ಅಂಗಡಿಯ ಹಿಂದಿನ ಕೋಣೆಗೆ ಹೋಗಿ, "ಅಕ್ಕಾ, ಅದು ಸ್ವಲ್ಪ ತಪ್ಪು ತಿಳುವಳಿಕೆ ಆಗಿದೆ. ಇವತ್ತು ಸರಿ ಮಾಡ್ತೀನಿ. ನೀನು ಬರೋದು ಬೇಡ" ಎಂದ. "ಬೇಡ ಅನ್ನೋಕೆ ನೀನ್ಯಾರು? ಬರ್ತೀನಿ" ಎಂದು ಫೋನಿಟ್ಟಳು.

ಸಭೆಯ ಕೋಣೆ ಸಂಸ್ಥೆಯ ಉಗ್ರಾಣದ ಮೇಲಿತ್ತು. ಕೆಳಗಿನಿಂದ ಹೊಸ ಟಾರ್ಪಾಲಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಕ್ಯಾಮೆರಾದವನು ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು ಬಿಚ್ಚುತ್ತಾ, ಯಾರ ಮುಖದಲ್ಲಿ ಸಂಕಟ ಚೆನ್ನಾಗಿ ಬರುತ್ತದೆ ಎಂದು ಒಬ್ಬೊಬ್ಬರನ್ನೇ ಅಳೆಯುತ್ತಿದ್ದ. ಈಗಲೇ ಹೇಳಿಬಿಡಲೇ ಎಂದು ಇವನು ಗಂಟಲು ಸರಿಮಾಡಿಕೊಂಡಾಗ ಕಾರ್ಯದರ್ಶಿ ನೀರಿನ ಲೋಟ ತಂದಿಟ್ಟಳು. ಇನ್ನೊಮ್ಮೆ ಸರಿಮಾಡಿಕೊಂಡಾಗ ಬ್ಯಾಂಕಿನ ಮೇಡಂ ಕೆಮ್ಮಿಗೆ ಲವಂಗ ಕೊಟ್ಟರು. ಅಷ್ಟರಲ್ಲಿ ಜಡ್ಜರು ಮೊದಲ ವಿಷಯ ಎತ್ತಿಕೊಂಡರು. ಹೊಳೆಯಂಚಿನ ಜನರಿಗಾಗಿ ತೆರೆದಿದ್ದ ಶಿಬಿರದಲ್ಲಿ ಈಗ ಬಡಿಸುವವರು ಸಾಲಿನ ಉದ್ದಕ್ಕೂ ಎರಡು ಸುತ್ತು ಬರುತ್ತಾರೆ. ಎರಡನೇ ಸುತ್ತಿನಲ್ಲಿ ಬೇಡವೆಂದವರಿಗೂ ಬಡಿಸುತ್ತಾರೆ, ಅನ್ನ ಪೋಲಾಗುತ್ತದೆ. ಇನ್ನು ಮುಂದೆ ಒಂದೇ ಸುತ್ತು ಸಾಕು. ಆಮೇಲೆ ಪಾತ್ರೆಯನ್ನು ಕೊನೆಯ ಮೇಜಿನ ಮೇಲೆ ಇಡೋಣ, ಬೇಕಾದವರು ತಟ್ಟೆ ಹಿಡಿದು ಎದ್ದು ಬರಲಿ. "ಕೇಳಿದವರಿಗೆ ಇಲ್ಲ ಅನ್ನೋದಿಲ್ಲ ನಾವು. ಕೇಳಬೇಕು ಅಷ್ಟೆ." ಬೆಣ್ಣೆಯಿಂದ ಕೂದಲು ತೆಗೆದಂಥ ನಯವಾದ ಮಾತು. ಕರ್ನಲ್ಲರು ಸೈನ್ಯದಲ್ಲೂ ಹೀಗೇ ಎಂದರು. ಮೇಡಂ ತಲೆಯಾಡಿಸಿದರು. ಇವನೂ ಆಡಿಸಿದ, ಹೋಟೆಲುಗಳಲ್ಲೆಲ್ಲ ಈಗ ಹೀಗೇ ಅಲ್ಲವೇ, ಎದ್ದು ಹೋಗಿ ಬಡಿಸಿಕೊಳ್ಳುವುದು, ಅದರಲ್ಲಿ ತಪ್ಪೇನು ಎಂದು ಯೋಚಿಸಿದ. "ನಮ್ಮ ಕನ್ನಡಕದವರು ಒಪ್ಪಿದರೆ ಮುಗೀತು. ಅವರು ಆ ಸಾಲಿನಲ್ಲಿ ಕೂತು ಎದ್ದವರು. ಚಹಾ ಆದ ಮೇಲೆ ಅವರ ಮಾತು ಕೇಳಿ ಕೈಯೆತ್ತೋಣ" ಎಂದರು ಜಡ್ಜರು.

ಚಹಾ ಹಿಡಿದುಕೊಂಡು ಹೊರಗೆ ಬಂದರೆ ಮೆಟ್ಟಿಲ ಮೇಲೆ ಅಕ್ಕ. ಕೈಚೀಲವನ್ನು ಎದೆಗೆ ಅವುಚಿಕೊಂಡು, ಏದುಸಿರು ಬಿಡುತ್ತಾ, ಆದರೂ ಬೆನ್ನು ನೆಟ್ಟಗೆ. ಅವನು ಅವಳನ್ನು ರಟ್ಟೆ ಹಿಡಿದು ಹೊದಿಕೆಯ ಪೆಟ್ಟಿಗೆಗಳ ಹಿಂದಕ್ಕೆ ಕರೆದೊಯ್ದ. ಮಾತು ಬೇರೆ ಕಡೆ ತಿರುಗಲಿ ಎಂದು, ಒಳಗೆ ಏನು ನಡೆಯುತ್ತಿದೆ ಎನ್ನುವುದನ್ನೇ ಹೇಳತೊಡಗಿದ. ಸುತ್ತು, ಪಾತ್ರೆ, ಕೊನೆಯ ಮೇಜು. ಅಕ್ಕ ಕೇಳುತ್ತಾ ಕೇಳುತ್ತಾ ಕೈಚೀಲ ಕೆಳಗಿಟ್ಟಳು.

"ಎದ್ದು ಹೋಗಿ ಕೇಳಬೇಕಾ?"

"ಕೇಳಿದ್ರೆ ಕೊಡ್ತಾರಲ್ಲ."

"ಅಮ್ಮ ಏಳ್ತಿದ್ದಳೇನೋ?"

"ಅಮ್ಮ ಯಾಕೆ ಏಳ್ಬೇಕು? ನಾವೇನು ಅಲ್ಲಿಯವರಾ? ಮದುವೆಗೆ ಹೊರಟವರು." ಅವನಿಗೆ ನಗು ಬಂತು. "ಇವತ್ತು ಅದನ್ನೇ ಹೇಳಿ ಬಿಟ್ಟುಬಿಡ್ತೀನಿ ಅಕ್ಕ, ನೀನೇನೂ ಚಿಂತೆ ಮಾಡ್ಬೇಡ. ಬಸ್ಸು ನಿಂತಿತ್ತು, ಒಂದು ರಾತ್ರಿ ಉಂಡ್ವಿ, ಅಷ್ಟೆ ಅಂತ."

"ಯಾವ ಬಸ್ಸು?" ಎಂದಳು ಅಕ್ಕ.

ಅವಳು ಹಾಗೆ ಮೆಲ್ಲಗೆ ಮಾತಾಡಿದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಲೋಟದ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಅದನ್ನು ಬೆರಳಿನಿಂದ ತೆಗೆದು ಎಲ್ಲಿ ಒರೆಸುವುದೆಂದು ತಿಳಿಯದೆ ಅವನು ಬೆರಳನ್ನು ಹಾಗೇ ಎತ್ತಿ ಹಿಡಿದು ನಿಂತ.

"ಬಸ್ಸೂ ಇರಲಿಲ್ಲ, ಮದುವೆನೂ ಇರಲಿಲ್ಲ. ಮನೆ ಹೋಗಿತ್ತು ನಮ್ಮದು. ಅಪ್ಪನ ಅಂಗಡಿ ಇದ್ದ ಬೀದಿನೇ ಹೋಗಿತ್ತು. ಮಳೆಗಾಲ ಪೂರ್ತಿ ಗಂಜಿಕೇಂದ್ರದಲ್ಲಿದ್ವಿ. ನೀನೋ ಬಾಯಿಬಡುಕ. ಆಮೇಲೆ ಈ ಊರಿಗೆ ಬಂದಾಗ ಎದುರಿಗೆ ಸಿಕ್ಕವರಿಗೆಲ್ಲ, ನಾವು ಸಾಲಾಗಿ ಕೂತು ಉಣ್ತಿದ್ವಿ, ದೊಡ್ಡ ಸೌಟಲ್ಲಿ ಬಡಿಸ್ತಿದ್ರು ಅಂತ ಹೇಳ್ತಿದ್ದೆ. ಬಾಯಿ ಮುಚ್ಚಿಸೋಕೆ ಆಗಲಿಲ್ಲ. ಅದಕ್ಕೆ ಅಮ್ಮ ಅದನ್ನ ಮದುವೆ ಮಾಡಿದಳು. ಗಂಜಿ ಉಂಡವನು ಅಂತ ಇವನು ಬೆಳೀಬಾರದು, ಯಾವತ್ತೂ ಹೇಳ್ಬೇಡ ಅಂತ ನನ್ನಿಂದ ಮಾತು ತಗೊಂಡಳು. ಇಷ್ಟು ವರ್ಷ ಕಾಪಾಡಿದ್ದೀನಿ. ನೀನು ನೋಡಿದ್ರೆ ಫೋಟೋ ಸಮೇತ ಅಚ್ಚು ಹಾಕಿಸಿದ್ದೀಯ."

"ಯಾರ ಮದುವೆ ಅಂತ..."

"ಯಾರದೂ ಅಲ್ಲ." ಅಕ್ಕ ಪೆಟ್ಟಿಗೆಯ ಅಂಚಿಗೆ ಕೂತಳು. "ಮೊದಲ ಸುತ್ತಲ್ಲಿ ಬಡಿಸಿದ್ದನ್ನ ಅಮ್ಮ ನಿನಗೂ ನನಗೂ ಹಾಕಿಬಿಡ್ತಿದ್ದಳು. ಖಾಲಿ ತಟ್ಟೆ ಇಟ್ಕೊಂಡು, ಊಟ ಆದವಳ ಹಾಗೆ ಕೂತಿರ್ತಿದ್ದಳು. ಎರಡನೇ ಸಲ ಬಂದಾಗ ಬೇಡ ಅಂತ ತಟ್ಟೆ ಮೇಲೆ ಕೈ ಅಡ್ಡ ಇಡೋಳು. ಸೌಟಿನವನು ಸುಮ್ಮನೆ ನಿಂತಿರ್ತಿದ್ದ, ಕೈ ತೆಗೆಯೋವರೆಗೂ. ಒಂದು ಮಾತು ಆಡ್ತಿರಲಿಲ್ಲ. ಹಿಂದಿನವರು ಬೈದರೂ ನಿಂತಿರ್ತಿದ್ದ. ಹಾಗೆ ಉಂಡಳು ಅವಳು, ಆ ಮಳೆಗಾಲ ಎಲ್ಲ. ಎದ್ದು ಬಂದು ಕೇಳು ಅಂದಿದ್ರೆ ಅಲ್ಲೇ ಕೂತು ಸಾಯ್ತಿದ್ದಳು."

ಒಳಗಿನಿಂದ ಕುರ್ಚಿಗಳನ್ನು ಎಳೆದ ಸದ್ದು, ಕರ್ನಲ್ಲರ ನಗು. ಅವನು ಒಳಗೆ ಬಂದು ಕೈಯಿರುವ ಕುರ್ಚಿಯಲ್ಲಿ ಕೂತ. ಕೂತ ಮೇಲೆ, ಈ ಕುರ್ಚಿ ನಿಜಕ್ಕೂ ತನ್ನದೇ ಎಂದು ಹೊಳೆಯಿತು. ಇಷ್ಟು ದಿನ ಸಂತ್ರಸ್ತನಲ್ಲವೆಂದು ನಾಚಿಕೆಪಟ್ಟವನಿಗೆ ಈಗ ಹೌದೆಂದು ನಾಚಿಕೆ. ಆ ಸುಳ್ಳನ್ನು ಅವನು ಎಷ್ಟು ಸರಾಗವಾಗಿ ಉಟ್ಟುಕೊಂಡಿದ್ದ. ಯಾರು ಭುಜ ತಟ್ಟಿದರೂ ತಟ್ಟಿಸಿಕೊಂಡಿದ್ದ, ಬಿಸ್ಕತ್ತು ಕೊಟ್ಟರೆ ಜೇಬು ತೆರೆದಿದ್ದ. ಈಗ ಬ್ಯಾಂಕಿನ ಮೇಡಂ ಅವನ ತೋಳಿನ ಕಡೆ ನೋಡಿದರೆ ಸಾಕು, ಗುಂಡಿ ಸಡಿಲವಿದೆಯೋ ಏನೋ ಎಂದು ಕೈಯಿಂದ ಮುಚ್ಚಿಕೊಳ್ಳುವಂತಾಯಿತು. ಮದುವೆಯೂಟದ ನೆನಪು ಮಾತ್ರ ಎಲ್ಲಿಗೂ ಹೋಗದೆ ಕಣ್ಣ ಮುಂದೆಯೇ ಇತ್ತು: ಉದ್ದನೆಯ ಚಾಪೆ, ಸಾಲಾಗಿ ಮಂಡಿಗಳು, ಮೇಲಿನಿಂದ ಇಳಿಯುವ ಸೌಟು, ಪಕ್ಕದಲ್ಲಿ ಅಮ್ಮನ ಕೈ. ಅಮ್ಮನ ಕೈ ತಟ್ಟೆಯ ಮೇಲೆ ಯಾಕಿತ್ತು ಎಂದು ಈ ಅರವತ್ತು ವರ್ಷದಲ್ಲಿ ಅವನು ಒಂದು ದಿನವೂ ಕೇಳಿಕೊಂಡಿರಲಿಲ್ಲ. ನೊಣ ಕೂರದಿರಲೆಂದು ಇದ್ದೀತು ಎಂದುಕೊಂಡಿದ್ದ.

"ಹೇಳಿ" ಎಂದರು ಜಡ್ಜರು. "ನೀವು ಆಗಿನಿಂದ ಏನೋ ಹೇಳ್ಬೇಕು ಅಂತಿದ್ದೀರಿ. ಒಂದೇ ಸುತ್ತು ಸಾಕು ತಾನೆ?"

ಕಟ್ಟಿಕೊಂಡು ಬಂದ ಮೂರು ರಾಜೀನಾಮೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ದಾರಿತಪ್ಪಿದ ನೆಂಟ ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿ ಆಧಾರವಿಲ್ಲದೆ ಬಿದ್ದುಹೋಯಿತು.  ಆಮೇಲೆ ಮೇಜನ್ನು ನೋಡುತ್ತಾ ಹೇಳಿದ.

"ನಮ್ಮಮ್ಮ ಏಳ್ತಿರಲಿಲ್ಲ."

ಯಾರಿಗೂ ಅರ್ಥವಾಗಲಿಲ್ಲ. ಅವನೇ ತೊದಲಿ ತೊದಲಿ ಬಿಡಿಸಿ ಹೇಳಬೇಕಾಯಿತು: ಖಾಲಿ ತಟ್ಟೆ, ಅಡ್ಡ ಹಿಡಿದ ಕೈ, ಮಾತಾಡದೆ ನಿಂತ ಸೌಟಿನವನು. "ಕೇಳಿದವರಿಗೆ ಕೊಡ್ತೀವಿ ಅಂತೀವಿ. ಕೇಳೋಕೆ ಬಾರದವರು ಇರ್ತಾರೆ. ಎರಡನೇ ಸುತ್ತು ಇರೋದೇ ಅವರಿಗೆ." ಕರ್ನಲ್ಲರು ತೊಡೆ ಉಜ್ಜಿಕೊಂಡರು. ಬ್ಯಾಂಕಿನ ಮೇಡಂ ಮೊದಲ ಸಲ ಗುಂಡಿ ಬಿಟ್ಟು ಅವನ ಮುಖ ನೋಡಿದರು. "ನಾನೂ ಕೇಳ್ತಿರಲಿಲ್ಲ" ಎಂದು ಯಾರಿಗೋ ಎಂಬಂತೆ ಅಂದರು. ಜಡ್ಜರು ಕನ್ನಡಕ ತೆಗೆದು ಒರೆಸಿ, "ಹಾಗಾದರೆ ಎರಡು ಸುತ್ತು ಇರಲಿ" ಎಂದರು. ಅಷ್ಟು ಸುಲಭವಾಗಿ ಆಗಿಹೋಯಿತು. ಆದರೆ ಜಡ್ಜರಲ್ಲವೇ, ಅಲ್ಲಿಗೇ ಬಿಡಲಿಲ್ಲ. "ಒಂದೇ ಸುತ್ತು ಅಂತ ಹೇಳಿದವರು ದಾನಿಗಳು. ಅವರಿಗೆ ನಾನು ಏನು ಹೇಳಿದ್ರೂ ವಾದ ಆಗುತ್ತೆ. ನೀವು ಈಗ ಹೇಳಿದ್ದನ್ನ ಅವರು ಕಣ್ಣಾರೆ ನೋಡಿದ್ರೆ ತುಟಿ ಪಿಟಕ್ ಅನ್ನಲ್ಲ. ಚಿತ್ರದಲ್ಲಿ ಬಂತಲ್ಲ ಅದು?"

ಕ್ಯಾಮೆರಾದವನು ಬ್ಯಾಟರಿ ಹಾಕುತ್ತಿದ್ದ. "ಇಲ್ಲ ಸಾರ್. ನನಗೇನು ಗೊತ್ತು, ಇದ್ದಕ್ಕಿದ್ದ ಹಾಗೆ ಶುರು ಮಾಡಿಬಿಟ್ರು. ಏನೂ ಅನ್ಕೋಬೇಡಿ, ಇನ್ನೊಂದ್ಸಲ ಹೇಳಿಬಿಡಿ."

ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದರು. ಕಾರ್ಯದರ್ಶಿ ಅವನ ಕಾಲರು ಸರಿಮಾಡಿದಳು. ಹಿಂದಿನ ಗೋಡೆ ತೀರಾ ಚೆನ್ನಾಗಿದೆ ಎಂದು ಕ್ಯಾಮೆರಾದವನು ಟಾರ್ಪಾಲೊಂದನ್ನು ತರಿಸಿ ಅವನ ಬೆನ್ನ ಹಿಂದೆ ತೂಗುಹಾಕಿದ. ಎದುರಿಗೆ ಕಪ್ಪು ಗಾಜು. ಜೀವಮಾನವೆಲ್ಲ ಗಾಜಿನ ಈ ಬದಿ ನಿಂತು ಇನ್ನೊಬ್ಬರಿಗೆ ಏನು ಕಾಣುತ್ತದೆ ಎಂದು ಕೇಳಿದವನಿಗೆ ಈಗ ತಾನೇ ಕಾಣುವ ಸರದಿ. ಅವನು ಬಾಗಿಲ ಕಡೆ ನೋಡಿದ. ಹೊಸಿಲ ಮೇಲೆ ಅಕ್ಕ ನಿಂತಿದ್ದಳು. ಬೇಡ ಎಂದು ಅವಳು ತಲೆಯಾಡಿಸಿದರೆ ಎದ್ದುಬಿಡುತ್ತೇನೆ, ದಾನಿಗಳು ಏನಾದರೂ ಮಾಡಿಕೊಳ್ಳಲಿ ಎಂದುಕೊಂಡ. ಅಕ್ಕ ತಲೆಯಾಡಿಸಲಿಲ್ಲ. ಯಾರನ್ನೂ ಕೇಳದೆ ಒಳಗೆ ಬಂದು, ಕರ್ನಲ್ಲರ ಕುರ್ಚಿಯನ್ನು ಎಳೆದುಕೊಂಡು ಅವನ ಪಕ್ಕ ಕೂತಳು.

"ಹೇಳಿಬಿಡು" ಎಂದಳು. "ಮೆಲ್ಲಗೆ ಹೇಳು."

"ನಮ್ಮಮ್ಮ ಏಳ್ತಿರಲಿಲ್ಲ" ಎಂದ.

"ಕೇಳಿಸ್ಲಿಲ್ಲ ಸಾರ್. ಸ್ವಲ್ಪ ಜೋರಾಗಿ."

ಅಕ್ಕ ತಲೆ ತಗ್ಗಿಸಿದಳು. ಎರಡೂ ಕೈಗಳಿಂದ ಕೈಚೀಲದ ಬಾಯನ್ನು ಮುಚ್ಚಿ ಹಿಡಿದಳು, ಅಮ್ಮ ಅದರೊಳಗೇ ಇದ್ದಾಳೆ, ಅವಳಿಗೆ ಕೇಳಿಸಬಾರದು ಎನ್ನುವಂತೆ. ಅವನು ಇನ್ನೊಮ್ಮೆ ಹೇಳಿದ, ಕೋಣೆಗೆಲ್ಲ ಕೇಳಿಸುವಷ್ಟು ಜೋರಾಗಿ.

"ಚೆನ್ನಾಗಿ ಬಂತು" ಎಂದ ಕ್ಯಾಮೆರಾದವನು. "ಯಾವುದಕ್ಕೂ ಇರಲಿ, ಇನ್ನೊಂದು."